ಡ್ರಮ್ಮಿನೊಳಗಿನ ಕಿಂಡಿ

ಪ್ರಶ್ನೆ: ಅಕ್ಕಾ, ನಮ್ಮೂರಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಹಾಗಾಗಿ ಮನೆಮನೆಯಲ್ಲೂ ಡ್ರಮ್ಮು, ತೊಟ್ಟಿ. ಡೆಂಗಿ ಕರಪತ್ರ ಕೊಟ್ಟರೆ ಅದರಲ್ಲಿ ಮಂಡಕ್ಕಿ ಕಟ್ಟುತ್ತಾರೆ. ‘ಕಥೆಯ ಮೂಲಕ ಹೇಳಿ’ ಎಂದು ತರಬೇತಿಯಲ್ಲಿ ಹೇಳಿದರು. ನನಗೆ ಕಥೆ ಕಟ್ಟಲು ಬರುವುದಿಲ್ಲ. ಏನು ಮಾಡಲಿ?
– ಆಶಾ ಕಾರ್ಯಕರ್ತೆ, ಚಳ್ಳಕೆರೆ ತಾಲ್ಲೂಕು

ಉತ್ತರ: ಬಾರದಿರುವುದೇ ಒಳ್ಳೆಯದಾಯಿತು ತಂಗೀ. ನನಗೆ ಬರುತ್ತಿತ್ತು, ಅದರಿಂದಲೇ ಕೆಟ್ಟೆ. ಆರೋಗ್ಯ ಸಹಾಯಕಿಯಾಗಿ ಸೇರಿದ ಹೊಸತರಲ್ಲಿ ಸೊಳ್ಳೆರಾಜನ ಮದುವೆಯ ಕಥೆಯೊಂದನ್ನು ಕಟ್ಟಿಕೊಂಡು ಶಾಲೆಗಳಿಗೆ ಅಲೆದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮರುವಾರ ಹೋದರೆ ಶಾಲೆಯ ತೊಟ್ಟಿಯಲ್ಲಿ ಸೊಳ್ಳೆಮರಿ ಹುಳುಗಳ ಮೆರವಣಿಗೆ ಹಾಗೇ ಇತ್ತು. ಆಮೇಲೆ ಹೆದರಿಸುವ ಕಥೆ ಹಿಡಿದೆ, ಜ್ವರದಿಂದ ಸತ್ತ ಹುಡುಗಿಯದು. ಅದನ್ನು ಕೇಳಿದ್ದ ತಾಯಿಯೊಬ್ಬಳು ತನ್ನ ಮಗನಿಗೆ ಜ್ವರ ಬಂದಾಗ ನನ್ನನ್ನು ಕಂಡೊಡನೆ ಬಾಗಿಲು ಹಾಕಿಕೊಂಡಳು. ಅಂದಿನಿಂದ ಆ ಕಥೆಯನ್ನು ಬಿಟ್ಟೆ.

ನಮ್ಮ ದುರ್ಗದ ಸೀಮೆಯಲ್ಲಿ ಎಲ್ಲರಿಗೂ ಬಾಯಿಗೆ ಬರುವ ಕಥೆಯೊಂದಿದೆಯಲ್ಲ, ಒನಕೆ ಓಬವ್ವನದು. ಅದನ್ನೂ ನೀನು ಹೇಳಬೇಡ, ಜಗಲಿಯ ಮೇಲೆ ಕೂತ ಅಜ್ಜಿಯಿಂದ ಹೇಳಿಸು. ಗಂಡ ಉಣ್ಣಲು ಕೂತ, ಓಬವ್ವ ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬರುವುದನ್ನು ಕಂಡಳು. ಕಥೆ ಅಲ್ಲಿಗೆ ಬಂದಾಗ ಅಜ್ಜಿಯ ಕೈ ಹಿಡಿದು ಡ್ರಮ್ಮಿನ ಬಳಿ ಕರೆದೊಯ್ದು ಟಾರ್ಚ್ ಬಿಡು. ಬೆಳಕು ಬಿದ್ದೊಡನೆ ಹುಳುಗಳು ಮೈ ಕೊಂಕಿಸುತ್ತ ತಳಕ್ಕಿಳಿಯುತ್ತವೆ. ‘ಅಜ್ಜೀ, ದಂಡು ಇನ್ನೂ ಕಿಂಡಿಯಲ್ಲೇ ಇದೆ’ ಎಂದಷ್ಟೇ ಹೇಳು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8–10 ದಿನ ಸಾಕು. ರೆಕ್ಕೆ ಬಂದು, ಹಗಲು ಹೊತ್ತಿನಲ್ಲೇ ಕಚ್ಚತೊಡಗಿದ ಮೇಲೆ ಯಾವ ಒನಕೆಗೆ ಸಿಕ್ಕೀತು?

ಆದರೆ ‘ನೀರು ಚೆಲ್ಲಿ’ ಎನ್ನಬೇಡ. ಚಳ್ಳಕೆರೆ ಕಡೆಯ ಹೆಂಗಸರಿಗೆ ಹಾಗೆ ಹೇಳಿದರೆ ಬೈಸಿಕೊಳ್ಳುತ್ತೀಯೆ, ಬೈದರೂ ತಪ್ಪಿಲ್ಲ. ನಲ್ಲಿ ಬರುವ ಹಿಂದಿನ ಸಂಜೆ ಹೇಗೂ ಡ್ರಮ್ಮಿನ ತಳ ಕಾಣುತ್ತದೆ. ಆಗ ಉಳಿದ ನೀರನ್ನು ಗಿಡದ ಬುಡಕ್ಕೆ ಹಾಕಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿಗೆ ತಾಗಿದ ಗೋಡೆಯ ಮೇಲೆ. ಕರಿ ಚುಕ್ಕಿಯಂಥ ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಹೊಸ ನೀರು ಮುಟ್ಟಿದಾಗ ಒಡೆಯುತ್ತವೆ. ಉಜ್ಜದೆ ತುಂಬಿಸಿದರೆ ನಾವೇ ಕೋಟೆಯ ಬಾಗಿಲು ತೆರೆದ ಹಾಗೆ. ತುಂಬಿದ ಮೇಲೆ ಹಳೆಯ ಸೀರೆಯ ತುಂಡನ್ನು ಬಾಯಿಗೆ ಬಿಗಿಯಾಗಿ ಕಟ್ಟಿಸು.

ಹೀಗೆ ಕಥೆ ಹೇಳಿಸಿದಾಗ ಅಜ್ಜಿಯೊಬ್ಬರು ನನ್ನನ್ನೇ ಕೇಳಿದರು: ‘ಓಬವ್ವನ ಗಂಡ ಊಟ ಮುಗಿಸಿ ಎದ್ದು ಬಂದನಲ್ಲ, ನಮ್ಮ ಮನೆಯವರು ಇನ್ನೂ ಉಣ್ಣುತ್ತಲೇ ಇದ್ದಾರಲ್ಲಮ್ಮ?’ ಆ ದಿನ ಅವರ ಮನೆಯ 200 ಲೀಟರಿನ ಡ್ರಮ್ಮನ್ನು ಬಗ್ಗಿಸಲು ಅಜ್ಜನನ್ನೇ ಎಬ್ಬಿಸಿದೆವು.