ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿ ಬರೀ ದಂಡ ವಸೂಲಿಗಾ?

ಇಷ್ಟು ಒಳ್ಳೆಯ ರಸ್ತೆ, ಗಾಡಿಗೂ ತಾಕತ್ತಿದೆ, ಆದರೂ ವೇಗವನ್ನ ಗಂಟೆಗೆ 100 ಕಿಲೋಮೀಟರಿಗೆ ಕಟ್ಟಿಹಾಕಿ ಕ್ಯಾಮೆರಾ ಇಟ್ಟಿರೋದು ದುಡ್ಡು ಮಾಡೋಕೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ನಾನು ಮದ್ದೂರು ಕಡೆಯವನು, ದಿನಾ ನೋಡೋ ರಸ್ತೆ ಅದು.

ಎಲ್ಲರೂ ಅದನ್ನ ಎಕ್ಸ್‌ಪ್ರೆಸ್‌ವೇ ಅಂತಾರೆ, ದಾಖಲೆಯಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 275. ಕೇಂದ್ರದ 2018ರ ಅಧಿಸೂಚನೆ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಗರಿಷ್ಠ 120, ಮಧ್ಯೆ ಡಿವೈಡರ್ ಇರುವ ನಾಲ್ಕು ಪಥ ಅಥವಾ ಅದಕ್ಕಿಂತ ದೊಡ್ಡ ರಸ್ತೆಯಲ್ಲಿ 100. ಹಾಗಾಗಿ ಈ 100 ಪೊಲೀಸರು ತಮ್ಮ ಅನುಕೂಲಕ್ಕೆ ಹುಡುಕಿಕೊಂಡ ಸಂಖ್ಯೆಯಲ್ಲ.

ನಿಜವಾದ ಅಪಾಯ ಇರೋದು ವೇಗಗಳ ನಡುವಿನ ಅಂತರದಲ್ಲಿ. ಲೋಡ್ ತುಂಬಿದ ಲಾರಿ ಬಲಗಡೆ ಲೇನಿನಲ್ಲೇ 60ರಲ್ಲಿ ಹೋಗ್ತಿರುತ್ತೆ, ಹಾಗೆ ಹೋಗಬಾರದು, ಆದರೆ ಹೋಗುತ್ತೆ. ಅದು ನಿಮಗಿಂತ ನೂರು ಮೀಟರ್ ಮುಂದಿದೆ ಅಂದುಕೊಳ್ಳಿ. ನೀವು 100ರಲ್ಲಿದ್ದರೆ ಅದನ್ನು ಮುಟ್ಟೋಕೆ 9 ಸೆಕೆಂಡ್ ಬೇಕು. 130ರಲ್ಲಿದ್ದರೆ ಬರೀ 5. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುವುದರಿಂದ (ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು), ನಿಂತ ಗಾಡಿಗೆ 130ರಲ್ಲಿ ಗುದ್ದಿದರೆ 100ಕ್ಕಿಂತ ಸುಮಾರು 70% ಹೆಚ್ಚು ಪೆಟ್ಟು. ಇಷ್ಟಕ್ಕೆಲ್ಲ ಸಿಗೋ ಲಾಭ? 119 ಕಿಲೋಮೀಟರಿಗೆ ಹೆಚ್ಚೆಂದರೆ 16 ನಿಮಿಷ. ಅದೂ ಕೆಂಗೇರಿ ಟ್ರಾಫಿಕ್ಕಿನಲ್ಲಿ ಕರಗಿಹೋಗುತ್ತೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಹತ್ತಕ್ಕೆ ಏಳು ಸಾವಿಗೆ ಅತಿವೇಗವೇ ಕಾರಣ ಅನ್ನುತ್ತೆ ಸರ್ಕಾರದ ವರದಿ. ಸತ್ತವರೆಲ್ಲ ವೇಗವಾಗಿ ಓಡಿಸಿದವರಲ್ಲ, ಇದು ನನ್ನನ್ನು ಬಹಳ ಕಾಡುತ್ತೆ. ನಮ್ಮ ಕಡೆ ಜನ ಆ ರಸ್ತೆ ದಾಟಿ ಗದ್ದೆಗೆ ಹೋಗ್ತಿದ್ದವರು. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರುಗಳನ್ನ ಸರ್ವಿಸ್ ರಸ್ತೆಗೆ ಇಳಿಸಿದರು. ಬಡವರ ಗಾಡಿ ಹೊರಗೆ ಹಾಕಿ ಕಾರಿನವರಿಗೆ ಮಾತ್ರ ಮಿತಿಯೇ ಬೇಡ ಅನ್ನೋದು ಯಾವ ನ್ಯಾಯ?

ಆದರೆ ಜಾರಿಯ ರೀತಿಯಲ್ಲಿ ತಪ್ಪಿದೆ, ಅದನ್ನ ಒಪ್ತೀನಿ. ಮ್ಯಾಪ್ ‘ಮುಂದೆ ಕ್ಯಾಮೆರಾ’ ಅಂದ ತಕ್ಷಣ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ 130ಕ್ಕೆ ಏರಿಸೋರೇ ಜಾಸ್ತಿ. ಎರಡು ಜಾಗದ ನಡುವಿನ ಸರಾಸರಿ ವೇಗ ಅಳೆದರೆ ಈ ಆಟ ನಡೆಯಲ್ಲ. ಬ್ರಿಟನ್, ಇಟಲಿಯಲ್ಲಿ ಅದನ್ನೇ ಮಾಡ್ತಾರೆ. ಇನ್ನೊಂದು, ಬಾಕಿ ದಂಡಕ್ಕೆ 50% ರಿಯಾಯಿತಿ. 2023ರ ಫೆಬ್ರವರಿಯಲ್ಲಿ ಅದನ್ನ ಕೊಟ್ಟ ಮೇಲೆ, ಕಟ್ಟದೆ ಕೂತರೆ ಅರ್ಧಕ್ಕೆ ಮುಗಿಯುತ್ತೆ ಅನ್ನೋದನ್ನ ಜನ ಕಲಿತರು. ಅದಕ್ಕಿಂತ 2024ರ ಆಗಸ್ಟ್ 1ರಿಂದ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುವ ತೀರ್ಮಾನ ನನಗೆ ಸರಿ ಅನಿಸಿತು. ದುಡ್ಡಿದ್ದವನಿಗೆ ಸಾವಿರ ರೂಪಾಯಿ ದಂಡ ಏನೂ ಅಲ್ಲ, ಕೋರ್ಟಿಗೆ ಅಲೆಯೋದು ಮಾತ್ರ ಯಾರಿಗೂ ಬೇಡ.

ನಿಮಗೆ ನೋಟಿಸ್ ಬಂದಿದ್ದರೆ ಅದರಲ್ಲಿರೋ ಫೋಟೊ, ನಂಬರ್ ಪ್ಲೇಟ್, ಜಾಗ, ಸಮಯ ನೋಡಿ. ತಪ್ಪಿದ್ದರೆ ಖಂಡಿತ ಪ್ರಶ್ನಿಸಿ. ಸರಿಯಿದ್ದರೆ ರಿಯಾಯಿತಿಗೆ ಕಾಯದೆ ಕಟ್ಟಿಬಿಡಿ.