ಕಾರ್ಮಿಕ ಸಂಘದ ಪ್ರಧಾನ ಕಾರ್ಯದರ್ಶಿಯ ಆಪ್ತ ಸಹಾಯಕರ ಕೆಲಸವೇನು?

ಪತ್ರವ್ಯವಹಾರ, ಪ್ರಯಾಣದ ಏರ್ಪಾಡು, ಸಭೆಗಳ ದಿನಾಂಕ ಹೊಂದಿಸುವುದು ಯಾವ ಕಚೇರಿಯಲ್ಲಾದರೂ ಇರುವಂಥದ್ದೇ. ಕಾರ್ಮಿಕ ಸಂಘದಲ್ಲಿ ಈ ಹುದ್ದೆಯ ನಿಜವಾದ ತೂಕವಿರುವುದು ಕಡತ ಮತ್ತು ಗಡುವುಗಳಲ್ಲಿ. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಸಂಧಾನ ಸಭೆಯಿದ್ದರೆ, ಬೇಡಿಕೆ ಪಟ್ಟಿ, ಆಡಳಿತ ವರ್ಗದ ಉತ್ತರ, ಹಿಂದಿನ ವೇತನ ಒಪ್ಪಂದ, ಕಳೆದ ಸಭೆಯ ನಡಾವಳಿ ಇವೆಲ್ಲ ಕ್ರಮವಾಗಿ ನಾಯಕರ ಕೈಗೆ ಸಿಗುವಂತಿರಬೇಕು. ಒಂದು ಹಾಳೆ ಸಿಗದಿದ್ದರೂ ವಾದ ಸಡಿಲವಾಗುತ್ತದೆ.

ಮುಷ್ಕರದ ವಿಷಯದಲ್ಲಂತೂ ದಿನಾಂಕವೇ ಸರ್ವಸ್ವ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ರೈಲು, ವಿದ್ಯುತ್, ನೀರು ಪೂರೈಕೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ವಿಧಿಸಿದ್ದ 14 ದಿನಗಳ ಮುನ್ಸೂಚನೆಯನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿದೆ. ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ ಬಳಿಕ 7 ದಿನಗಳವರೆಗೆ ಮುಷ್ಕರ ಹೂಡುವಂತಿಲ್ಲ. ಆದ್ದರಿಂದ ನೋಟಿಸ್ ತಲುಪಿದ ದಿನದ ಸ್ವೀಕೃತಿ ಮುದ್ರೆಯನ್ನು ಜೋಪಾನ ಮಾಡದಿದ್ದರೆ, ನ್ಯಾಯವಾದ ಹೋರಾಟವೂ ಕಾನೂನುಬಾಹಿರವೆನಿಸಿ ಕಾರ್ಮಿಕರ ಸಂಬಳಕ್ಕೇ ಕುತ್ತು ಬರಬಹುದು.

ಸದಸ್ಯತ್ವದ ಪುಸ್ತಕ, ಲೆಕ್ಕಪರಿಶೋಧನೆಯಾದ ವಾರ್ಷಿಕ ವಿವರಪಟ್ಟಿ ಸಾಮಾನ್ಯವಾಗಿ ಖಜಾಂಚಿಯ ಹೊಣೆಯಾದರೂ, ನೆನಪಿಸುವ ಕೆಲಸ ಸಹಾಯಕರದ್ದೇ. ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಗೋಪ್ಯತೆಯನ್ನು: ಅಮಾನತಾದ ಕಾರ್ಮಿಕರೊಬ್ಬರು ದೂರವಾಣಿಯಲ್ಲಿ ಮೊದಲು ಮಾತನಾಡುವುದು ನಾಯಕರೊಂದಿಗಲ್ಲ, ಇವರೊಂದಿಗೆ.