ಕಾರ್ಗಿಲ್ ಯೋಧನ ಕಥೆ ಸಿನಿಮಾ ಥರ ಆಗುತ್ತಿದ್ದರೆ

ಕಾರ್ಗಿಲ್‌ನಿಂದ ಚಿತ್ರದುರ್ಗಕ್ಕೆ ಮರಳಿದ ಯೋಧನ ಕಥೆ ಬರೆಯುತ್ತಿದ್ದೇನೆ, ಆದರೆ ಅವನು ಸಿನಿಮಾ ಹೀರೋ ಥರ ಕಾಣುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಕಾರಣ, ಬಹುಶಃ ಅವನು ಮಾತಾಡುವುದು ಜಾಸ್ತಿ. ಪೂರ್ತಿ ಕಥೆ ಓದಿಲ್ಲ, ಇದು ನನ್ನ ಊಹೆ. ನನ್ನ ಕಥೆಯಲ್ಲೂ ಹೀಗೇ ಆಗಿತ್ತು.

ಮೊದಲು ಅವನ ಭಾಷಣಗಳನ್ನು ತೆಗೆಯಿರಿ. ಪಟಾಕಿಗೆ ಬೆಚ್ಚುವ ದೃಶ್ಯವನ್ನೂ. ಅದನ್ನು ಎಲ್ಲರೂ ಬರೆದಾಗಿದೆ, ಅಲ್ವಾ? ಆಮೇಲೆ ಮೈಗೆ ಅಂಟಿದ ಒಂದೇ ಅಭ್ಯಾಸ ಹಿಡಿಯಿರಿ. 1999ರ ಕಾರ್ಗಿಲ್ ಯುದ್ಧದಲ್ಲಿ ಶಿಖರದ ಮೇಲೆ ಕೂತ ಶತ್ರುವಿಗೆ ಕೆಳಗಿನ ಇಳಿಜಾರು ಚೆನ್ನಾಗಿ ಕಾಣುತ್ತಿತ್ತು. ಅದಕ್ಕೇ ನಮ್ಮವರು ಹೆಚ್ಚಾಗಿ ರಾತ್ರಿ ಹತ್ತಿದರು. ಅಂಥವನು ಹಗಲಲ್ಲಿ ನಮ್ಮ ಕೋಟೆಗೆ ಹೋದರೆ ಓಬವ್ವನ ಕಿಂಡಿ ನೋಡುವುದಿಲ್ಲ. ಮೇಲಿನ ಬತೇರಿಯಿಂದ, ಅಂದರೆ ಕಾವಲು ಬುರುಜಿನಿಂದ, ತಾನು ಕಾಣುತ್ತೇನಾ ಅಂತ ನೋಡುತ್ತಾನೆ. ಮಗಳು ಸೆಲ್ಫಿಗೆ ಕರೆದರೂ ಬಂಡೆಯ ಮರೆ ಬಿಡುವುದಿಲ್ಲ. ಅಷ್ಟೇ ಬರೆಯಿರಿ, ಕಾರಣ ಹೇಳಬೇಡಿ.

ಕೊನೆಗೆ ಮಾಜಿ ಸೈನಿಕರೊಬ್ಬರಿಗೆ ಓದಿ ಹೇಳಿ. ಯುದ್ಧ ಹೇಗಿತ್ತು ಅಂತ ಕೇಳಿದರೆ ಸುಮ್ನಾಗಿಬಿಡುತ್ತಾರೆ. ಊಟ, ಬೂಟು, ಚಳಿಯ ಬಗ್ಗೆ ಕೇಳಿ.